ಚೀನಾದ ದುಡ್ಡು ಎಷ್ಟಾಯಿತಮ್ಮ?

ಶಿಡ್ಲಘಟ್ಟದಲ್ಲಿ ಗೂಡು ಮಾರಿಕೊಂಡು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದರೆ, ಅಪ್ಪ ಕಾಲು ತೊಳೆಯುವ ಮೊದಲೇ ಕೇಳುತ್ತಿದ್ದರು: “ಪೇಪರ್ ನೋಡಿದೆಯೇನಮ್ಮ? ಚೀನಾದ ದುಡ್ಡು ಎಷ್ಟಾಯಿತು?”

ನಾಲ್ಕನೇ ತರಗತಿಗೆ ಓದು ಬಿಟ್ಟವರು ಅಪ್ಪ. ಎರಡು ಎಕರೆ ಹಿಪ್ಪುನೇರಳೆ ತೋಟ, ಹುಳುಮನೆ, ಚಂದ್ರಿಕೆಗಳು, ಇಷ್ಟೇ ಅವರ ಪ್ರಪಂಚ. ಇವರಿಗೇಕೆ ಚೀನಾದ ದುಡ್ಡಿನ ಚಿಂತೆ ಎಂದು ಮೊದಮೊದಲು ನನಗೆ ನಗು ಬರುತ್ತಿತ್ತು. ಆದರೂ ಮೇಷ್ಟರಮ್ಮನಾಗಿ ಗೊತ್ತಿಲ್ಲ ಎನ್ನಲು ನಾಚಿಕೆ. ಪತ್ರಿಕೆಯಲ್ಲಿ ಡಾಲರ್, ಪೌಂಡ್, ಯೆನ್ ಬೆಲೆ ಕೊಡುತ್ತಿದ್ದರೇ ಹೊರತು ಯುವಾನ್ ಹೆಸರೇ ಇರುತ್ತಿರಲಿಲ್ಲ. ರೂಪಾಯಿಯನ್ನೂ ಯುವಾನನ್ನೂ ಡಾಲರ್ ಎಂಬ ಒಂದೇ ತಕ್ಕಡಿಯಲ್ಲಿ ತೂಗಿ, ಆಮೇಲೆ ಒಂದಕ್ಕೊಂದು ಹೋಲಿಸಬೇಕು. ಪುಣ್ಯಕ್ಕೆ ಆ ವರ್ಷಗಳಲ್ಲಿ ಚೀನಾದವರು ಒಂದು ಡಾಲರಿಗೆ ಸುಮಾರು 8.28 ಯುವಾನ್ ಎಂದು ಹಿಡಿದು ನಿಲ್ಲಿಸಿದ್ದರು. ಆ ಅಂಕಿಯೊಂದು ನೆನಪಿದ್ದರೆ ಸಾಕು, ಉಳಿದದ್ದು ಏಳನೇ ತರಗತಿಯ ಭಾಗಾಕಾರ.

ಲೆಕ್ಕ ಹಾಕುತ್ತಾ ಹಾಕುತ್ತಾ ನನಗೇ ಹಳೆಯದನ್ನೆಲ್ಲ ಹುಡುಕುವ ಚಟ ಹತ್ತಿತು.

1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದರು. ಇಪ್ಪತ್ತೊಂದು ರೂಪಾಯಿಯ ಡಾಲರ್ ಇಪ್ಪತ್ತಾರರ ಹತ್ತಿರ ಹೋಯಿತು. ಆಗ ನಾನು ಬಿ.ಎಡ್. ವಿದ್ಯಾರ್ಥಿನಿ. ದೇಶದ ಮಾನವೇ ಹೋಯಿತು ಎನ್ನುವಂತೆ ಹಾಸ್ಟೆಲಿನಲ್ಲಿ ಮಾತು. ಅದಾಗಿ ಮೂರು ವರ್ಷವೂ ತುಂಬಿರಲಿಲ್ಲ, 1994ರ ಜನವರಿ 1ರಂದು ಚೀನಾ ತನ್ನ ಅಧಿಕೃತ ದರವನ್ನು ಡಾಲರಿಗೆ 5.8 ಯುವಾನಿನಿಂದ 8.7ಕ್ಕೆ ತಂದಿತು. ಅಲ್ಲಿ ಅದು ಮಾನ ಹೋಗುವ ಮಾತಲ್ಲ, ಮಾಲು ಮಾರುವ ಉಪಾಯ.

ಇದರ ಅರ್ಥವೇನೆಂದು ಕರಿಹಲಗೆಯ ಲೆಕ್ಕದಂತೆ ನೋಡಿ. ಒಂದು ಕಿಲೋ ರೇಷ್ಮೆ ನೂಲಿಗೆ ಚೀನಾದಲ್ಲಿ ನೂರು ಯುವಾನ್ ಎಂದಿಟ್ಟುಕೊಳ್ಳಿ. ಆಗ ಡಾಲರಿಗೆ ಮೂವತ್ತೊಂದು ರೂಪಾಯಿ ಚಿಲ್ಲರೆ. ಡಿಸೆಂಬರ್ ಕೊನೆಯ ದಿನ ಒಂದು ಯುವಾನಿಗೆ ಸುಮಾರು ಐದು ರೂಪಾಯಿ ನಲವತ್ತು ಪೈಸೆ, ಅಂದರೆ ನೂಲಿಗೆ 540 ರೂಪಾಯಿ. ಮಾರನೆಯ ದಿನ ಯುವಾನಿಗೆ ಮೂರು ಅರವತ್ತು, ನೂಲಿಗೆ 360. ಅಲ್ಲಿನ ವ್ಯಾಪಾರಿಗಳು ಬಹುಪಾಲು ವ್ಯವಹಾರವನ್ನು ಮೊದಲೇ ಇನ್ನೊಂದು ಅಗ್ಗದ ದರದಲ್ಲಿ ಮಾಡುತ್ತಿದ್ದರು, ಆದ್ದರಿಂದ ನಿಜವಾದ ಇಳಿತ ಇಷ್ಟು ಕಡಿದಲ್ಲ. ಆದರೂ ದಾರಿ ಯಾವ ಕಡೆಗೆಂದು ಗೊತ್ತಾಯಿತಲ್ಲ. ಆ ಜನವರಿಯಲ್ಲಿ ನಾನು ಗೌರಿಬಿದನೂರಿನ ಶಾಲೆಯಲ್ಲಿ ಸರಳಬಡ್ಡಿ ಕಲಿಸುತ್ತಿದ್ದೆ. ಬೀಜಿಂಗಿನ ಸುದ್ದಿಗೂ ನಮ್ಮ ತೋಟದ ಸೊಪ್ಪಿಗೂ ನಂಟಿದೆ ಎಂದು ನನಗೂ ಹೊಳೆಯಲಿಲ್ಲ.

ಹೊಳೆಯದಿದ್ದದ್ದಕ್ಕೆ ಕಾರಣವೂ ಇತ್ತು. ಆಗ ಕಚ್ಚಾ ರೇಷ್ಮೆಯನ್ನು ಯಾರು ಬೇಕಾದರೂ ತರಿಸುವಂತಿರಲಿಲ್ಲ. ಬಟ್ಟೆ ರಫ್ತು ಮಾಡುವವರಿಗೆ ಪರವಾನಗಿಯ ಮೇಲೆ ಬರುತ್ತಿತ್ತು. ಆ ಅಡ್ಡಗೋಡೆಗಳು ಒಂದೊಂದಾಗಿ ಬಿದ್ದು, 2001ರ ಹೊತ್ತಿಗೆ ಚೀನಾ ರೇಷ್ಮೆ ನಮ್ಮ ಹರಾಜು ಕಟ್ಟೆಯ ಮಾತಾಯಿತು. ಅಪ್ಪನ ಪ್ರಶ್ನೆ ಶುರುವಾದದ್ದೂ ಆಗಲೇ.

ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲು ರಾತ್ರಿಯೆನ್ನದೆ ಸೊಪ್ಪು ಹಾಕಬೇಕು. ಅಮ್ಮನಿಗೆ ಆ ವಾರ ನಿದ್ದೆಯೇ ಇಲ್ಲ. ಹಾಗೆ ಬೆಳೆದ ಗೂಡಿಗೆ 2002ರಲ್ಲಿ ಹಾಕಿದ ಖರ್ಚೂ ಹುಟ್ಟಲಿಲ್ಲ. ನಾನು ಭಾಗಿಸಿ, “ಯುವಾನಿಗೆ ಐದು ಎಂಬತ್ತರ ಮೇಲಿದೆ ಅಪ್ಪ, ತೊಂಬತ್ತನಾಲ್ಕಕ್ಕಿಂತ ಎಷ್ಟೋ ದುಬಾರಿ, ನಮಗೆ ಒಳ್ಳೆಯದೇ ಆಗಬೇಕು” ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು. “ಮತ್ತೆ ನಮ್ಮ ಗೂಡು ಯಾಕಮ್ಮ ಬಿತ್ತು?”

ನನ್ನ ಬಳಿ ಉತ್ತರವಿರಲಿಲ್ಲ. ಹಣದ ದರ ಒಂದು ಕಡೆಯಾದರೆ, ಮಾರುವವನು ತನ್ನ ಬೆಲೆಯನ್ನೇ ಇಳಿಸಿ ಸುರಿದರೆ ಆ ಭಾಗಾಕಾರ ಏನು ಮಾಡೀತು? ಇದನ್ನೇ ಡಂಪಿಂಗ್ ಎನ್ನುತ್ತಾರೆ ಎಂದು, 2003ರಲ್ಲಿ ಸರ್ಕಾರ ಚೀನಾ ರೇಷ್ಮೆಗೆ ಅದರ ವಿರುದ್ಧದ ಸುಂಕ ಹಾಕಿದ ಮೇಲೆ ತಿಳಿದೆ.

ತಂಗಿಯ ಮದುವೆ ಗೊತ್ತಾದದ್ದು ಆ ಕೆಟ್ಟ ವರ್ಷದಲ್ಲೇ. ಚಿಂತಾಮಣಿಯ ಒಂದು ಅಂಗಡಿಗೆ ಧಾರೆ ಸೀರೆಗೆ ಹೋದೆವು. ಮೆಜೆಂಟಾ ಬಣ್ಣದ ಸೀರೆಯೊಂದನ್ನು ಹರವಿ ಅಂಗಡಿಯವರು ಹೆಮ್ಮೆಯಿಂದ ಹೇಳಿದರು: “ಹಾಸೆಲ್ಲ ಚೀನಾ ರೇಷ್ಮೆ ಕಣಮ್ಮ, ಎಳೆ ಕಿತ್ತುಹೋಗೋ ಮಾತೇ ಇಲ್ಲ. ಹೊಕ್ಕು ಮಾತ್ರ ನಮ್ಮ ಕಡೇದು.” ಬೆಲೆಯೂ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ತಂಗಿಯ ಕಣ್ಣು ಅರಳಿತು, ನನ್ನದೂ. ಸುಳ್ಳೇಕೆ ಹೇಳಲಿ? ಅಪ್ಪ ಮಾತಾಡಲಿಲ್ಲ. ಗೂಡಿನ ದುಡ್ಡನ್ನು ಎರಡು ಸಲ ಎಣಿಸಿ ಕೊಟ್ಟರು.

ನೇಕಾರರನ್ನು ದೂರುವಂತೆಯೂ ಇಲ್ಲ. ವಿದ್ಯುತ್ ಮಗ್ಗದ ವೇಗಕ್ಕೆ ಬಿಗಿಯಾದ ದ್ವಿತಳಿ ನೂಲು ಬೇಕು, ನಮ್ಮ ಮಿಶ್ರತಳಿ ಗೂಡಿನ ನೂಲು ಹಾಸಿನಲ್ಲಿ ಕಿತ್ತುಹೋಗುತ್ತದೆ. ಸುಂಕ ಏರಿದರೆ ದೊಡ್ಡಬಳ್ಳಾಪುರದ ಮಗ್ಗದವನ ಒಲೆ ಆರುತ್ತದೆ, ಇಳಿದರೆ ನಮ್ಮದು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ನಮ್ಮ ಕಡೆಯ ರೈತರು ಬೀದಿಗಿಳಿದರು. 2013ರಲ್ಲಿ ಮತ್ತೆ 15 ಆಯಿತು.

ಆ 2013ರ ಆಗಸ್ಟ್ ಮರೆಯುವಂತಿಲ್ಲ. ಡಾಲರ್ 68 ದಾಟಿತು. 2005ರ ಜುಲೈನಲ್ಲೇ ಚೀನಾ ತನ್ನ ಹಿಡಿತ ಸಡಿಲಿಸಿದ್ದರಿಂದ ಯುವಾನೂ ಗಟ್ಟಿಯಾಗುತ್ತ ಡಾಲರಿಗೆ 6.1ರ ಹತ್ತಿರ ಬಂದಿತ್ತು. ಭಾಗಿಸಿದರೆ ಒಂದು ಯುವಾನಿಗೆ ಹನ್ನೊಂದು ರೂಪಾಯಿ! ಟಿ.ವಿ.ಯಲ್ಲಿ ರೂಪಾಯಿ ಬಿತ್ತು ಬಿತ್ತು ಎಂದು ಕೂಗು. ಮಗನನ್ನು ಅಮೆರಿಕಕ್ಕೆ ಓದಲು ಕಳಿಸಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಕಣ್ಣೀರು ಹಾಕಿಕೊಂಡರು. ಅದೇ ಸಂಜೆ ಅಪ್ಪ ಫೋನು ಮಾಡಿದರು. ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು, ದನಿಯಲ್ಲಿ ಬಹಳ ದಿನದ ಮೇಲೆ ಹುರುಪು. ರೂಪಾಯಿ ಬಿದ್ದುದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯದೆ ಹೂಂ ಹೂಂ ಎನ್ನುತ್ತ ನಿಂತಿದ್ದೆ.

ಅಪ್ಪ ಈಗಿಲ್ಲ. ತೋಟ ತಮ್ಮನದು, ಅವನೂ ದ್ವಿತಳಿ ಹುಳು ಸಾಕುತ್ತಾನೆ. 2024ರಲ್ಲಿ ಯುವಾನ್ ಹನ್ನೊಂದೂವರೆ ರೂಪಾಯಿಯ ಆಸುಪಾಸಿನಲ್ಲಿತ್ತು. ಯಾರೂ ಕೇಳುವವರಿಲ್ಲದಿದ್ದರೂ ಪೇಪರಿನ ಅಂಚಿನಲ್ಲಿ ಭಾಗಿಸಿ ಬರೆದಿಡುತ್ತೇನೆ. ಮೊನ್ನೆ ತಂಗಿಯ ಮಗಳು ಆ ಮೆಜೆಂಟಾ ಸೀರೆ ಉಟ್ಟುಕೊಂಡು ಬಂದಿದ್ದಳು. ನೆರಿಗೆಯ ಹತ್ತಿರ ಒಂದೆರಡು ಕಡೆ ಹೊಕ್ಕಿನ ಎಳೆ ಸರಿದಿತ್ತು. ಹಾಸು ಹಾಗೆಯೇ ಇತ್ತು.