ಧಾಟಿಯಿಂದ ಡಿಜೆವರೆಗೆ: ಗಡಿನಾಡಿನ ಮರುಜೋಡಣೆ ಸಂಗೀತ ಮತ್ತು ವಿಡಿಯೊ ಗೇಮ್ ರಾಗಗಳು

ಒಬ್ಬರು ಕಟ್ಟಿದ ರಾಗವನ್ನು ಇನ್ನೊಬ್ಬರು ಎತ್ತಿಕೊಂಡು, ವಾದ್ಯ ಬದಲಿಸಿ, ಲಯ ಬದಲಿಸಿ, ಮತ್ತೆ ಧ್ವನಿಮುದ್ರಿಸಿ ಗೆಳೆಯರಿಗೆ ಕೇಳಿಸುವ ಹವ್ಯಾಸಕ್ಕೆ ಇಂದು ರೀಮಿಕ್ಸ್ ಎಂಬ ಹೆಸರಿದೆ. ಅದು ಕಂಪ್ಯೂಟರಿನ ಜೊತೆ ಹೊರಗಿನಿಂದ ಬಂದದ್ದೆಂದು ತಿಳಿದವರೇ ಹೆಚ್ಚು. ವಿಡಿಯೊ ಗೇಮ್ ಸಂಗೀತದ ಮಟ್ಟಿಗೆ ಅದು ನಿಜ. ಆದರೆ ಕರ್ನಾಟಕ-ಮಹಾರಾಷ್ಟ್ರ ಗಡಿಯ ಏಕಸಂಬಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ನಿಂತು ನೋಡಿದರೆ ಚಿತ್ರವೇ ಬೇರೆ. ಇಲ್ಲಿ ರಾಗಗಳು ಭಾಷೆಯ ಗಡಿ ದಾಟಿ ಹೊಸ ಮೈ ತಳೆಯುತ್ತ ಬಂದು ಒಂದೂವರೆ ಶತಮಾನ ಮೀರಿತು. ಗಡಿನಾಡಿನ ಧಾಟಿಯ ಪರಂಪರೆಯನ್ನೂ ಗೇಮ್ ರಾಗಗಳ ಮರುಜೋಡಣೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಎರಡೂ ಕಡೆ ನಡೆಯುವ ಕೆಲಸ ಒಂದೇ ಬಗೆಯದು. ಆದರೆ ರಾಗದ ಮೂಲ ಯಾವುದೆಂದು ಬರೆದಿಡುವ ಶಿಸ್ತು ನಮ್ಮಲ್ಲಿ ಹಿಂದೆ ಗಟ್ಟಿಯಾಗಿತ್ತು, ಈಗ ಸಡಿಲಾಗಿದೆ. ಗೇಮ್ ರಾಗಗಳ ಹವ್ಯಾಸಿಗಳಲ್ಲಿ ಅದು ಇನ್ನೂ ಉಳಿದಿದೆ ಎಂಬುದು ನನ್ನ ವಾದ.

ಮೊದಲು ರಂಗಭೂಮಿ. 1843ರಲ್ಲಿ ಸಾಂಗಲಿಯ ಅರಮನೆಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಉತ್ತರ ಕನ್ನಡದ ಕರ್ಕಿಯಿಂದ ಬಂದಿದ್ದ ಭಾಗವತರ ಮೇಳದ ಆಟ ಅದಕ್ಕೆ ಪ್ರೇರಣೆ. ಮರಾಠಿ ರಂಗಭೂಮಿಯ ಆರಂಭ ಎಂದು ಎಲ್ಲರೂ ಹೇಳುವ ಪ್ರಯೋಗದ ಹಿಂದೆಯೇ ಹೀಗೊಂದು ಕನ್ನಡದ ಆಟವಿದೆ. ಸಾಂಗಲಿ, ಮಿರಜಗಳು ಕಾಗವಾಡಕ್ಕೆ ಎಷ್ಟು ಹತ್ತಿರವೆಂಬುದನ್ನು ಈ ಭಾಗದವರಿಗೆ ಹೇಳಬೇಕಿಲ್ಲ. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನೂ 1882ರಲ್ಲಿ 'ಸೌಭದ್ರ'ವನ್ನೂ ರಂಗಕ್ಕೆ ತಂದರು. ಅವರು ತಮ್ಮ ಪದಗಳಿಗೆ ಹೊಸ ರಾಗ ಕಟ್ಟುತ್ತ ಕೂರಲಿಲ್ಲ. ಕೀರ್ತನೆಯಿಂದ, ಲಾವಣಿಯಿಂದ, ಕಿವಿಗೆ ಬಿದ್ದ ಕನ್ನಡ ಪದಗಳಿಂದ ಧಾಟಿ ಎತ್ತಿಕೊಂಡು ಮರಾಠಿ ಮಾತು ಕೂಡಿಸಿದರು. ಸಾಂಗಲಿ ಬಳಿಯ ಹರಿಪುರದ ಗೋವಿಂದ ಬಲ್ಲಾಳ ದೇವಲರು ತಮ್ಮ 'ಶಾರದಾ' (1899) ನಾಟಕದ ಪದಗಳಲ್ಲಿ ಅದೇ ದಾರಿಯಲ್ಲಿ ನಡೆದರು.

ಈ ನಾಟಕಗಳ ಮುದ್ರಿತ ಪ್ರತಿ ಕೈಗೆ ಸಿಕ್ಕರೆ ಪದಗಳ ತಲೆಯ ಮೇಲಿನ ಸಾಲನ್ನು ನೋಡಬೇಕು. 'ಚಾಲ' ಎಂದು ಬರೆದು, ಯಾವ ಹಳೆಯ ಪದದ ನಡಿಗೆಯಲ್ಲಿ ಇದನ್ನು ಹಾಡಬೇಕೆಂದು ಅಲ್ಲಿ ಸೂಚಿಸಿರುತ್ತಾರೆ. ಕನ್ನಡದ ಕಂಪನಿ ನಾಟಕಗಳ ಪದ್ಯಾವಳಿಗಳಲ್ಲಿ, ಭಜನಾ ಮೇಳಗಳ ಕಿರುಹೊತ್ತಿಗೆಗಳಲ್ಲಿ ಇದೇ ಸಾಲು 'ಧಾಟಿ' ಅಥವಾ 'ಮಟ್ಟು' ಎಂಬ ತಲೆಬರಹದಲ್ಲಿ ಬರುತ್ತದೆ. ಸ್ವರಲಿಪಿ ಓದಲು ಬಾರದ ಹಾಡುಗಾರನಿಗೆ ಅದು ದಾರಿ ತೋರಿಸುತ್ತಿತ್ತು. ಇಂದಿನ ಸಂಶೋಧಕರಿಗೆ ಅದು ಋಣಪತ್ರ. ಯಾರು ಯಾರಿಂದ ಏನು ಪಡೆದರೆಂಬುದು ಒಂದೇ ಸಾಲಿನಲ್ಲಿ ದಾಖಲಾಗಿದೆ. ಗಡಿನಾಡಿನ ಸಂಗೀತದ ಇತಿಹಾಸ ಬರೆಯುವವರು ಈ ಸಾಲುಗಳನ್ನು ಒಟ್ಟುಮಾಡಿದರೆ ಎರಡು ಭಾಷೆಗಳ ನಡುವಿನ ಕೊಡುಕೊಳೆಯ ನಕ್ಷೆಯೇ ಸಿದ್ಧವಾಗುತ್ತದೆ. ಈ ಕೆಲಸ ಬೇಗ ಆಗಬೇಕು, ಏಕೆಂದರೆ ಆ ಕಿರುಹೊತ್ತಿಗೆಗಳ ಕಾಗದ ಹೆಚ್ಚು ಕಾಲ ಬಾಳುವಂಥದ್ದಲ್ಲ.

ಆಟಗಳ ಸಂಗತಿಯೂ ಹೀಗೆಯೇ. ಅಪರಾಳ ತಮ್ಮಣ್ಣನ ಪಠ್ಯವನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಇಳಿಸಿ ಬೆಳೆಸಿದ 'ಶ್ರೀಕೃಷ್ಣ ಪಾರಿಜಾತ' ಬೆಳಗಾವಿ ಸೀಮೆಯ ಮನೆಮಾತು. ಪಾರಿಜಾತದ ಪದಗಳಲ್ಲಿ ಹಿಂದೂಸ್ತಾನಿ ರಾಗದ ನೆರಳೂ ಇದೆ, ಹಳ್ಳಿಯ ಹಾಡಿನ ಬಿರುಸೂ ಇದೆ. ಮೇಳದಿಂದ ಮೇಳಕ್ಕೆ ಪದದ ನಡಿಗೆ ಬದಲಾಗುತ್ತದೆ. ಬದಲಾಯಿಸುವ ಹಕ್ಕು ತನಗಿಲ್ಲ ಎಂದು ಯಾವ ಭಾಗವತನೂ ತಿಳಿದಿರಲಿಲ್ಲ.

ಧಾಟಿಯ ಜೊತೆ ವಾದ್ಯವೂ ಬದಲಾಯಿತು. ಯುರೋಪಿನಿಂದ ಬಂದ ಹಾರ್ಮೋನಿಯಂ ಇಲ್ಲಿ ಕೈತಿದಿಯ ಪೆಟ್ಟಿಗೆಯಾಗಿ ನಾಟಕದ ಜೊತೆ ಊರೂರು ಸುತ್ತಿತು. ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ದೂರವಿಟ್ಟರೂ ಭಜನೆಯ ಮನೆ, ನಾಟಕದ ಥಿಯೇಟರು ಕೈಬಿಡಲಿಲ್ಲ. ಇನ್ನೂ ಕುತೂಹಲದ ಕಥೆ ಬೆಂಜೋದ್ದು. ಕೊಲ್ಹಾಪುರ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಮೆರವಣಿಗೆಗಳಲ್ಲಿ ಬೆಂಜೋ ಪಾರ್ಟಿ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ ನುಡಿಸುವುದು ಅಮೆರಿಕದ ಬ್ಯಾಂಜೋ ಅಲ್ಲ, ಗುಂಡಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತರಂಗ. ಅದರ ಮೂಲ ಜಪಾನಿನ ತೈಶೋಗೊತೊ. ನಗೋಯಾದ ಮೊರಿತಾ ಗೊರೊ ಎಂಬಾತ 1912ರಲ್ಲಿ ರೂಪಿಸಿದ್ದು. ಗುಂಡಿಗಳಿರುವುದರಿಂದ ಸಂಗೀತ ಕಲಿಯದವನೂ ಕೇಳಿದ ಹಾಡನ್ನು ಬೇಗ ಬೆರಳಿಗೆ ತಂದುಕೊಳ್ಳಬಹುದು. ಆ ವಾದ್ಯಕ್ಕೆ ಪಿಕಪ್ ಹಚ್ಚಿ, ಕೀಬೋರ್ಡು ಸೇರಿಸಿ, ರೋಲ್ಯಾಂಡ್ ಕಂಪನಿ 1985ರಲ್ಲಿ ಹೊರತಂದ ವಿದ್ಯುನ್ಮಾನ ತಾಳವಾದ್ಯವಾದ ಆಕ್ಟಾಪ್ಯಾಡ್‌ನ ಮುಂದಿನ ಮಾದರಿಗಳನ್ನೂ ಕೂಡಿಸಿಕೊಂಡು ಗಡಿನಾಡಿನ ಹುಡುಗರು ಸಿನಿಮಾ ಹಾಡು, ಅಭಂಗ, ಲಾವಣಿ ಎಲ್ಲವನ್ನೂ ಒಂದೇ ಬಿರುಸಿನ ನಡೆಗೆ ಒಗ್ಗಿಸಿದರು. ಇದು ಅರೇಂಜಿಂಗ್ ಅಲ್ಲದೆ ಮತ್ತೇನು? ಹೆಚ್ಚಿನ ಸಂಗೀತದ ಪುಸ್ತಕಗಳು ಬೆಂಜೋ ಪಾರ್ಟಿಗೆ ಒಂದು ಪುಟವನ್ನೂ ಕೊಡದಿರುವುದು ದೊಡ್ಡ ಅನ್ಯಾಯ.

ಅದೇ ಜಪಾನಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. 1978ರ 'ಸ್ಪೇಸ್ ಇನ್ವೇಡರ್ಸ್' ಆಟದಲ್ಲಿ ಇಳಿಯುವ ನಾಲ್ಕೇ ಸ್ವರಗಳು ಸುತ್ತಿ ಸುತ್ತಿ ಬರುತ್ತವೆ; ಶತ್ರುಗಳು ಕಡಿಮೆಯಾದಂತೆ ವೇಗ ಏರುತ್ತದೆ. ಅದೇ ವರ್ಷ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ತನ್ನ ಮೊದಲ ಆಲ್ಬಮ್ಮಿನಲ್ಲಿ ಆಟದ ಯಂತ್ರಗಳ ದನಿಯನ್ನು ಸಂಗೀತದೊಳಕ್ಕೆ ತಂದಿತು. ಆ ತಂಡದ ಹರುಒಮಿ ಹೊಸೊನೊ 1984ರಲ್ಲಿ ನಾಮ್ಕೊ ಕಂಪನಿಯ ಆಟಗಳ ರಾಗಗಳನ್ನು ಜೋಡಿಸಿ 'ವಿಡಿಯೊ ಗೇಮ್ ಮ್ಯೂಸಿಕ್' ಎಂಬ ಆಲ್ಬಮ್ ತಂದರು. 1986ರಲ್ಲಿ ಬಂದ 'ಡ್ರ್ಯಾಗನ್ ಕ್ವೆಸ್ಟ್' ಆಟದ ಕೊಇಚಿ ಸುಗಿಯಾಮಾ ತಮ್ಮ ರಾಗಗಳನ್ನು ಪೂರ್ಣ ಆರ್ಕೆಸ್ಟ್ರಾಕ್ಕೆ ಬರೆದು ಸಭಾಗೃಹದಲ್ಲಿ ನುಡಿಸಿದರು. ಅಲ್ಲಿಗೆ ಗೇಮ್ ರಾಗ ಯಂತ್ರ ಬಿಟ್ಟು ಹೊರಗೆ ಬಂತು.

ಈ ರಾಗಗಳು ಮರುಜೋಡಣೆಗೆ ಇಷ್ಟು ಒದಗಿದ್ದಕ್ಕೆ ಯಂತ್ರದ ಬಡತನವೇ ಕಾರಣ. ಕೊಜಿ ಕೊಂದೊ 1985ರಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್' ಆಟಕ್ಕೆ ಸಂಗೀತ ಬರೆದಾಗ ನಿಂಟೆಂಡೊ ಯಂತ್ರದ ಚಿಪ್ಪಿನಲ್ಲಿ ಇದ್ದದ್ದು ಐದೇ ದನಿ: ಚೌಕ ಅಲೆಯ ಎರಡು, ತ್ರಿಕೋನ ಅಲೆಯ ಒಂದು, ತಾಳಕ್ಕೆ ಬಳಸುವ ಸದ್ದಿನದೊಂದು, ಚಿಕ್ಕ ಧ್ವನಿತುಣುಕು ಹಾಕುವ ದಾರಿಯೊಂದು. 1982ರ ಕಮಡೋರ್ 64ರ ಚಿಪ್ಪಿನಲ್ಲಿ ಮೂರೇ ದನಿ. ಮೂರು ಸ್ವರ ಒಟ್ಟಿಗೆ ನುಡಿಸಲು ಜಾಗವಿಲ್ಲದೆ ಅವನ್ನು ಕಿವಿಗೆ ಒಂದಾಗಿ ಕೇಳುವಷ್ಟು ವೇಗವಾಗಿ ಒಂದರ ಹಿಂದೊಂದು ಓಡಿಸುತ್ತಿದ್ದರು. ಅಲಂಕಾರಕ್ಕೆ ಅವಕಾಶವಿಲ್ಲದ್ದರಿಂದ ರಾಗವೇ ಗಟ್ಟಿಯಾಗಿ ನಿಲ್ಲಬೇಕಾಯಿತು. ಒಬ್ಬ ಹಾಡುಗಾರನ ಕಂಠ ಮತ್ತು ಒಂದು ಡಪ್ಪಿನ ಮೇಲೆ ನಿಂತ ಲಾವಣಿಯೂ ಇದೇ ಕಾರಣಕ್ಕೆ ಎಲ್ಲಿಗೆ ಹೋದರೂ ಬಾಳುತ್ತದೆ.

ಹವ್ಯಾಸಿಗಳ ಸಂಘಟಿತ ಕೆಲಸ ಇದಾದ ಮೇಲಿನದು. 1983ರಲ್ಲಿ ಮಿಡಿ ಎಂಬ ಸಾಮಾನ್ಯ ಸಂಕೇತ ಬಂತು. 1987ರಲ್ಲಿ ಅಮಿಗಾ ಕಂಪ್ಯೂಟರಿಗೆ ಕಾರ್ಸ್ಟನ್ ಒಬಾರ್ಸ್ಕಿ ಬರೆದ ಸೌಂಡ್‌ಟ್ರ್ಯಾಕರ್ ಮನೆಯಲ್ಲೇ ನಾಲ್ಕು ದನಿ ಜೋಡಿಸುವ ಸೌಕರ್ಯ ಕೊಟ್ಟಿತು. 1999ರ ಡಿಸೆಂಬರಿನಲ್ಲಿ ಅಮೆರಿಕದ ಡೇವಿಡ್ ಲಾಯ್ಡ್ ಆರಂಭಿಸಿದ ಓವರ್‌ಕ್ಲಾಕ್ಡ್ ರೀಮಿಕ್ಸ್ ಜಾಲತಾಣ ಈ ಹವ್ಯಾಸಕ್ಕೆ ಕಟ್ಟುಪಾಡು ತಂದಿತು. ಕಳಿಸಿದ್ದನ್ನೆಲ್ಲ ಅವರು ಸ್ವೀಕರಿಸುವುದಿಲ್ಲ. ತೀರ್ಪುಗಾರರು ಕೇಳುತ್ತಾರೆ, ಮೂಲ ರಾಗದ ಗುರುತು ಕಿವಿಗೆ ಸಿಗಬೇಕು, ಆದರೂ ಜೋಡಣೆ ಸ್ವಂತದ್ದಾಗಿರಬೇಕು. ಒಪ್ಪಿದ ಪ್ರತಿ ಕೃತಿಯ ಜೊತೆ ಆಟದ ಹೆಸರು, ಮೂಲ ರಾಗದ ಹೆಸರು, ಮೂಲ ಸಂಗೀತಗಾರರ ಹೆಸರು ನಮೂದಾಗುತ್ತವೆ. ಕೇಳುಗರಿಂದ ಹಣ ಕೇಳುವುದಿಲ್ಲ. 2008ರಲ್ಲಿ ಕ್ಯಾಪ್‌ಕಾಮ್ ಕಂಪನಿ ಹಳೆಯ 'ಸ್ಟ್ರೀಟ್ ಫೈಟರ್' ಆಟವನ್ನು ಹೊಸದಾಗಿ ತರುವಾಗ ಅದರ ಸಂಗೀತವನ್ನು ಈ ಹವ್ಯಾಸಿಗಳಿಂದಲೇ ಮಾಡಿಸಿಕೊಂಡಿತು. ಮೂಲದ ಹೆಸರು ಹೇಳುವ ಆ ನಮೂದಿನ ಸಾಲುಗಳು ನಾಟಕದ ಪುಸ್ತಕದ 'ಚಾಲ' ಸಾಲಿನ ಕೆಲಸವನ್ನೇ ಮಾಡುತ್ತವೆ. ಪರಸ್ಪರ ಪರಿಚಯವೇ ಇಲ್ಲದ ಎರಡು ಸಮುದಾಯಗಳು ಒಂದೇ ಶಿಸ್ತಿಗೆ ಬಂದು ನಿಂತದ್ದು ನನಗೆ ಈ ವಿಷಯದ ಅತ್ಯಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಭಾರತದ ಸಣ್ಣ ಊರುಗಳಿಗೆ ಗೇಮ್ ರಾಗ ಬಂದದ್ದು 1990ರ ದಶಕದಲ್ಲಿ, ಟಿವಿಗೆ ಜೋಡಿಸುವ ಅಗ್ಗದ ನಕಲು ಯಂತ್ರಗಳ ಮೂಲಕ. ಮಾರಿಯೊ, ಕಾಂಟ್ರಾ ರಾಗಗಳು ಆ ತಲೆಮಾರಿನ ಕಿವಿಯಲ್ಲಿ ಕುಳಿತವು. ಅವನ್ನು ಮರುಜೋಡಿಸುವ ಸಾಧನ ಮಾತ್ರ ಕೈಯಲ್ಲಿ ಇರಲಿಲ್ಲ. ಸಾಧನ ಬಂದದ್ದು ಇನ್ನೊಂದು ದಾರಿಯಿಂದ. ಬೆಲ್ಜಿಯಂನ ಇಮೇಜ್-ಲೈನ್ ಕಂಪನಿ 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಸಂಗೀತ ತಂತ್ರಾಂಶ ಹೊರತಂದಿತು. 2003ರಲ್ಲಿ ಅದು ಎಫ್‌ಎಲ್ ಸ್ಟುಡಿಯೊ ಆಯಿತು. ಗಣಪತಿ ಮೆರವಣಿಗೆಗೆ ಡಿಜೆ ಟ್ರ್ಯಾಕ್ ಕಟ್ಟುವ ಹುಡುಗರ ಕೈಗೆ ಅದು ಹತ್ತಿದ ಮೇಲೆ ಗಡಿನಾಡಿನ ರೀಮಿಕ್ಸ್ ಹೊಸ ಹಾದಿ ಹಿಡಿಯಿತು. 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂದಾಗ, ಟಾಮ್ ಸಾಲ್ಟಾ ರಚಿಸಿದ ಅದರ ರಾಗವೂ ಡಿಜೆ ಟ್ರ್ಯಾಕುಗಳ ಒಳಗೆ ಸೇರಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆಟವನ್ನು ನಿಷೇಧಿಸಿತು. ಪೆನ್‌ಡ್ರೈವಿನಲ್ಲಿದ್ದ ರಾಗಕ್ಕೆ ಆ ನಿಷೇಧ ತಟ್ಟುವಂತಿರಲಿಲ್ಲ.

ಎಫ್‌ಎಲ್ ಸ್ಟುಡಿಯೊದಲ್ಲಿ ತಾಳ ಕಟ್ಟುವ ಮೂಲ ಹಲಗೆಯಲ್ಲಿ ಒಂದು ಸಾಲಿಗೆ 16 ಗುಂಡಿಗಳಿವೆ. ಉತ್ತರ ಕರ್ನಾಟಕದ ಜನಪದ ಹಾಡುಗಳಲ್ಲಿ ಬಹುಪಾಲು ನಡೆಯುವುದು ಎಂಟು ಮಾತ್ರೆಯ ಕೆಹರವಾದಲ್ಲಿ. ಎಂಟರ ಎರಡು ಸುತ್ತು ಹದಿನಾರಕ್ಕೆ ಸರಿಯಾಗಿ ಕೂಡುತ್ತದೆ. ಆರು ಮಾತ್ರೆಯ ದಾದರಾ, ಏಳು ಮಾತ್ರೆಯ ರೂಪಕ ಆ ಹಲಗೆಯಲ್ಲಿ ನೇರವಾಗಿ ಕೂರುವುದಿಲ್ಲ. ಹಲಗೆಯ ಅಳತೆಯನ್ನೇ ಬದಲಿಸಿಕೊಳ್ಳಬೇಕು. ಡಿಜೆ ಟ್ರ್ಯಾಕುಗಳಲ್ಲಿ ಕೆಹರವಾ ಇಷ್ಟು ಮೆರೆಯುವುದಕ್ಕೆ ಜನರ ರುಚಿಯ ಜೊತೆಗೆ ಈ ಹದಿನಾರರ ಲೆಕ್ಕವೂ ಕಾರಣ ಎಂದು ನನ್ನ ಅನಿಸಿಕೆ.

ಹಲಗಿ ಎಂಬ ಚರ್ಮವಾದ್ಯವನ್ನು ಟ್ರ್ಯಾಕಿಗೆ ಸೇರಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿಗೊಳಿಸಿ ಬಾರಿಸಿದ ಪೆಟ್ಟನ್ನು ಮೈಕಿನಲ್ಲಿ ಹಿಡಿದು, ಒಂದೊಂದು ಪೆಟ್ಟನ್ನೂ ಕತ್ತರಿಸಿ ಗುಂಡಿಗೆ ಕೂರಿಸುತ್ತಾರೆ. ಕಂಪ್ಯೂಟರ್ ಪ್ರತಿ ಪೆಟ್ಟನ್ನೂ ಸಮ ಅಂತರದಲ್ಲಿ ಇಡುತ್ತದೆ. ನಿಜವಾದ ಹಲಗಿಯವನ ಕೈ ಕೆಲವು ಪೆಟ್ಟುಗಳನ್ನು ಕೂದಲೆಳೆಯಷ್ಟು ತಡವಾಗಿ, ಕೆಲವನ್ನು ಮುಂಚೆಯೇ ಹಾಕುತ್ತದೆ. ಆ ಎಳೆತ ಹೋದರೆ ಕುಣಿಯುವವನ ಕಾಲಿಗೆ ತಕ್ಷಣ ಗೊತ್ತಾಗುತ್ತದೆ. ನುರಿತವರು ಸ್ವಿಂಗ್ ಹೆಚ್ಚಿಸಿ, ಕೆಲವು ಪೆಟ್ಟುಗಳನ್ನು ಕೈಯಿಂದಲೇ ಅತ್ತಿತ್ತ ಸರಿಸಿ ಅದನ್ನು ಮರಳಿ ತರುತ್ತಾರೆ. ಮಿಕ್ಸಿಂಗಿನಲ್ಲಿ ಬೇರೆಯೇ ತೊಡಕು. ಡಿಜೆ ಡ್ರಮ್ಮಿನ ಗುದ್ದು ಮತ್ತು ಬೇಸ್ ಎರಡೂ ತಗ್ಗು ದನಿಯಲ್ಲೇ ಇರುವುದರಿಂದ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಗುದ್ದು ಬಿದ್ದಾಗ ಬೇಸ್ ತಾನಾಗಿ ತಗ್ಗುವಂತೆ ಕಟ್ಟಬೇಕು. ಹಾಡಿನ ದನಿಯ ಅಡಿಯ ಗುಂಯ್‌ಗುಡುವಿಕೆಯನ್ನು ಕತ್ತರಿಸಿ ತೆಗೆಯಬೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹದ ಮಾಡಿದ್ದು ಓಣಿಯಲ್ಲಿ 18 ಇಂಚಿನ ಸ್ಪೀಕರಿನಿಂದ ಹೊರಟಾಗ ಬೇರೆಯದೇ ಆಗಿ ಕೇಳುತ್ತದೆ. ಎಡ ಬಲ ಎರಡನ್ನೂ ಒಂದುಗೂಡಿಸಿ ನುಡಿಸುವ ಸೆಟ್ಟಿನಲ್ಲಿ ಅಗಲಕ್ಕೆ ಹರಡಿಸಿಟ್ಟ ದನಿಗಳು ಕೆಲವೊಮ್ಮೆ ಮಾಯವೇ ಆಗುತ್ತವೆ. ಬಲ್ಲವರು ಸೌಂಡ್ ಬಾಕ್ಸಿಗೆ ಹಾಕಿ ಕೇಳದೆ ಟ್ರ್ಯಾಕ್ ಮುಗಿಯಿತು ಎನ್ನುವುದಿಲ್ಲ.

ಗೇಮ್ ರಾಗದವರಿಗೂ ನಮ್ಮವರಿಗೂ ಬಹುಕಾಲ ಇದ್ದ ವ್ಯತ್ಯಾಸ ಮೂಲ ಸಾಮಗ್ರಿಯದು. ಹಳೆಯ ಆಟದ ಚಿಪ್ಪಿನ ದನಿಗಳನ್ನು ಒಂದೊಂದಾಗಿ ಮುಚ್ಚಿ, ಬೇಸ್ ಬೇರೆ, ರಾಗ ಬೇರೆ ಎಂದು ಕೇಳಬಹುದಿತ್ತು. ಜನಪದ ಹಾಡು ಕೈಗೆ ಸಿಗುತ್ತಿದ್ದುದು ಎಲ್ಲ ಬೆರೆತ ಒಂದೇ ಮುದ್ದೆಯಾಗಿ. 2019ರ ಕೊನೆಗೆ ಫ್ರಾನ್ಸಿನ ಡೀಜರ್ ಕಂಪನಿ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟ ಮೇಲೆ ಹಾಡಿನಿಂದ ಕಂಠವನ್ನು ಬೇರ್ಪಡಿಸುವುದು ಮನೆಯ ಕಂಪ್ಯೂಟರಿಗೂ ಸಾಧ್ಯವಾಯಿತು. ರಾಯಬಾಗ ತಾಲೂಕಿನ ಮಾಳು ನಿಪನಾಳ ಅವರ 'ನಾ ಡ್ರೈವರಾ' ಹಾಡು ಜನಪ್ರಿಯವಾದಾಗ ಅದರ ಡಿಜೆ ಆವೃತ್ತಿಗಳು ಬೆನ್ನಿಗೇ ಬಂದದ್ದರ ಹಿಂದೆ ಇಂಥ ಸೌಕರ್ಯವೂ ಇದೆ.

ಆದರೆ ಈ ಆವೃತ್ತಿಗಳಲ್ಲಿ ದಾಖಲೆ ಎಲ್ಲಿದೆ? ಟ್ರ್ಯಾಕಿನ ನಡುನಡುವೆ ಕೂಗಿ ಹೇಳುವುದು ಮಿಕ್ಸ್ ಮಾಡಿದವನ ಹೆಸರನ್ನು. ಫೈಲಿಗೆ ಇಡುವುದೂ ಅವನದೇ ಹೆಸರು. ಪದ ಬರೆದವರು, ಹಾಡಿದವರು, ಧಾಟಿ ಎಲ್ಲಿಯದೆಂಬ ಸುಳಿವು ಹೆಚ್ಚಿನವುಗಳಲ್ಲಿ ಇಲ್ಲ. ಒಂದೂಕಾಲು ಶತಮಾನದ ಹಿಂದೆ ದೇವಲರ ನಾಟಕ ಅಚ್ಚು ಹಾಕಿದವರು ಇದನ್ನು ಬರೆದಿಟ್ಟರು. ಹುಡುಗರ ಪ್ರತಿಭೆಗೆ ಕೊರತೆಯಿಲ್ಲ. ಫೈಲಿನ ಹೆಸರಿನ ಪಕ್ಕದಲ್ಲಿ ಒಂದು ಸಾಲು ಸೇರಿಸಲು ಹಣವೂ ಬೇಕಿಲ್ಲ.

ಕಾನೂನಿನ ಮಾತೂ ಇಲ್ಲಿ ಬರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಮಿನ ಪ್ರಕಾರ, ಮೂಲ ಹಾಡು ಮೊದಲು ಧ್ವನಿಮುದ್ರಣವಾದ ವರ್ಷ ಮುಗಿದು 5 ವರ್ಷ ಕಳೆದ ಮೇಲೆ ಅದರ ಇನ್ನೊಂದು ಆವೃತ್ತಿ ಮಾಡಬಹುದು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನ ಕೊಡಬೇಕು. ಪ್ರಸಾರ ಕಡಿಮೆಯಿರುವ ಭಾಷೆ ಅಥವಾ ಉಪಭಾಷೆಯ ಕೃತಿಗಳಿಗೆ ಈ ಸಂಖ್ಯೆಯನ್ನು ಇಳಿಸುವ ಅವಕಾಶವನ್ನೂ ಕಲಮು ಇಟ್ಟಿದೆ. ಆದರೆ ಒಡೆಯರ ಒಪ್ಪಿಗೆಯಿಲ್ಲದೆ, ತಾಂತ್ರಿಕವಾಗಿ ಅಗತ್ಯವಾದಷ್ಟನ್ನು ಬಿಟ್ಟು, ಕೃತಿಯನ್ನು ಬದಲಿಸುವಂತಿಲ್ಲ ಎಂದೂ ಹೇಳಿದೆ. ಮೂಲ ಧ್ವನಿಮುದ್ರಣದ ಕಂಠವನ್ನೇ ಕತ್ತರಿಸಿ ಬಳಸುವುದಂತೂ ಈ ಕಲಮಿನ ವ್ಯಾಪ್ತಿಗೆ ಬರುವುದೇ ಇಲ್ಲ. ಹೀಗಾಗಿ ಈಚಿನ ಸಿನಿಮಾ ಹಾಡಾಗಲಿ, ಪಬ್‌ಜಿ ರಾಗವಾಗಲಿ, ಒಪ್ಪಿಗೆ ಪಡೆಯದೆ ಮರುಜೋಡಿಸಿ ಹಂಚುವ ಹವ್ಯಾಸಿ ಕಾಯ್ದೆಯ ಅಂಚಿನಲ್ಲೇ ನಡೆಯುತ್ತಾನೆ. ಹಳೆಯ ಧಾಟಿಗಳಿಗೆ ಆ ಅಡ್ಡಿಯಿಲ್ಲ. ಕರ್ತೃವಿನ ಹಕ್ಕು ಆತನ ಮರಣಾನಂತರ 60 ವರ್ಷ ಮಾತ್ರ. ಕಿರ್ಲೋಸ್ಕರರು ತೀರಿದ್ದು 1885ರಲ್ಲಿ, ದೇವಲರು 1916ರಲ್ಲಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷಕ್ಕೆ ಮುಗಿಯುತ್ತದೆ. ಹೀಗಾಗಿ 78 ಆರ್‌ಪಿಎಂ ಕಾಲದ ಗ್ರಾಮೊಫೋನ್ ತಟ್ಟೆಗಳ ಧ್ವನಿಮುದ್ರಣ ಈಗ ಬಹುಮಟ್ಟಿಗೆ ಬಿಡುಗಡೆಯಾಗಿದೆ; ಹಾಡು ಬರೆದವರ, ರಾಗ ಕಟ್ಟಿದವರ ಹಕ್ಕು ಉಳಿದಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಪಾರಿಜಾತದ ಪದಗಳ ಮೇಲೆ, ಒಡೆಯರಿಲ್ಲದ ಗೀಗಿ, ಲಾವಣಿಗಳ ಧಾಟಿಗಳ ಮೇಲೆ ಯಾರ ಹಕ್ಕೂ ಇಲ್ಲ. ಏಕಸಂಬಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಹವ್ಯಾಸಿಗೆ ಹೀಗೆ ಹಕ್ಕು ಮುಗಿದವೆಲ್ಲವನ್ನೂ ಮುರಿದು ಕಟ್ಟಲು ಇಂದು ಯಾರ ಅಪ್ಪಣೆಯೂ ಬೇಕಿಲ್ಲ.