ಮಳೆ ನಕ್ಷತ್ರವಿಲ್ಲದ ಹೂವು: ನಮ್ಮ ಹೊಲಕ್ಕೆ ಸೂರ್ಯಕಾಂತಿ ಬಂದದ್ದು, ಹೋದದ್ದು

ಜೂನ್ ಕೊನೆಗೆ ಗುಂಡ್ಲುಪೇಟೆ ದಾರಿಯಲ್ಲಿ ಹೋದವರು ನೋಡಿರುತ್ತೀರಿ. ಮೈಸೂರು–ಊಟಿ ಹೆದ್ದಾರಿಯ ಅಕ್ಕಪಕ್ಕ ಹಳದಿ ಹೊಲ. ಹೊಲದ ಮುಂದೆ ನಿಂತ ಕಾರುಗಳು. ಇಳಿದವರ ಕೈಯಲ್ಲೆಲ್ಲ ಮೊಬೈಲು. ಕೇರಳದ ಕಡೆಯಿಂದಲೂ ಜನ ಬರುತ್ತಾರೆ. ಕೆಲವು ರೈತರು ಫೋಟೊಗೆ ಇಂತಿಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಾರೆ. ಆ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಲು ಶುರುವಾದಾಗ ನಮಗೆ ಬರುವ ಪ್ರಶ್ನೆ ಒಂದೇ: ‘ಸೂರ್ಯಕಾಂತಿ ಅರಳೋದು ಯಾವ ತಿಂಗಳು? ನಮ್ಮ ಕಡೆ ಈಗ ಯಾಕಿಲ್ಲ?’

ಒಂದು ತಿಂಗಳ ಹೆಸರು ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಚಾಮರಾಜನಗರದ ಕಡೆ ಏಪ್ರಿಲ್–ಮೇ ತಿಂಗಳ ಮುಂಗಾರು ಪೂರ್ವ ಮಳೆಗೆ ಬಿತ್ತುತ್ತಾರೆ, ಜೂನ್ ಕೊನೆ–ಜುಲೈಗೆ ಹೂವಾಗುತ್ತದೆ. ಚಿತ್ರದುರ್ಗದ ಕಡೆ ಕೆಂಪು ನೆಲದಲ್ಲಿ ಜುಲೈಗೆ ಬಿತ್ತಿದರೆ ಸೆಪ್ಟೆಂಬರಿಗೆ ಹೂವು. ಗದಗ, ಕೊಪ್ಪಳ, ರಾಯಚೂರು, ವಿಜಯಪುರದ ಎರೆ ಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದ್ದು ನವೆಂಬರ್–ಡಿಸೆಂಬರಿಗೆ ಅರಳುತ್ತದೆ. ನೀರಿದ್ದವರು ಜನವರಿಯಲ್ಲಿ ಬಿತ್ತಿ ಮಾರ್ಚಿನಲ್ಲಿ ಹೂವು ನೋಡುತ್ತಾರೆ. ಅಂದರೆ ಒಂದೇ ರಾಜ್ಯದಲ್ಲಿ ವರ್ಷಕ್ಕೆ ನಾಲ್ಕು ಸಲ ಸೂರ್ಯಕಾಂತಿ ಕಾಲ.

ನಮ್ಮ ಬೇರೆ ಬೆಳೆಗಳು ಹೀಗಲ್ಲ. ಪ್ರತಿಯೊಂದಕ್ಕೂ ಒಂದು ಮಳೆ ನಕ್ಷತ್ರ ಉಂಟು. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಅಂತ ಹಿರಿಯರು ಹೇಳುತ್ತಿದ್ದರು. ಮೃಗಶಿರ, ಆರಿದ್ರಾಕ್ಕೆ ಶೇಂಗಾ. ಉತ್ತರೆ, ಹಸ್ತಕ್ಕೆ ಹಿಂಗಾರಿ ಜೋಳ. ಅದರ ಹಿಂದೆಯೇ ಕಡಲೆ, ಕುಸುಬಿ. ಸೂರ್ಯಕಾಂತಿಗೆ ಮಾತ್ರ ಯಾವ ಮಳೆಯ ಹೆಸರೂ ಅಂಟಿಕೊಳ್ಳಲಿಲ್ಲ. ಅದು ನಮ್ಮ ಹೊಲಕ್ಕೆ ಬಂದು ಐವತ್ತು ವರ್ಷ ಸ್ವಲ್ಪ ದಾಟಿದೆ, ಅಷ್ಟೇ. ನಮ್ಮಲ್ಲಿ ಹೆಚ್ಚಿನವರು ಹುಟ್ಟುವ ಹೊತ್ತಿಗೆ ಅದು ಊರ ತುಂಬ ಇತ್ತು. ಹಾಗಾಗಿ ಅಜ್ಜನ ಕಾಲದ ಬೆಳೆಯೇ ಇರಬೇಕು ಅಂದುಕೊಂಡಿದ್ದೆವು. ಅಜ್ಜನಿಗೆ ಗೊತ್ತಿದ್ದದ್ದು ಕುಸುಬಿ ಎಣ್ಣೆ, ಶೇಂಗಾ ಎಣ್ಣೆ. ಸೂರ್ಯಕಾಂತಿ ಅಪ್ಪನ ಕಾಲದ ಹೊಸ ಬೆಳೆ.

ಎಲ್ಲಿಂದ ಬಂತು?

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದೆಯೇ ಅದನ್ನು ಕಾಡಿನಿಂದ ಹೊಲಕ್ಕೆ ತಂದರು. 16ನೇ ಶತಮಾನದಲ್ಲಿ ಸ್ಪೇನಿನವರು ಬೀಜವನ್ನು ಯುರೋಪಿಗೆ ಒಯ್ದರು. ಅಲ್ಲಿ ಬಹಳ ಕಾಲ ಅದು ತೋಟದ ಅಂದಕ್ಕೆ ಬೆಳೆಸುವ ಹೂವಾಗಿತ್ತು.

ಅದನ್ನು ಎಣ್ಣೆ ಬೆಳೆ ಮಾಡಿದವರು ರಷ್ಯಾದ ರೈತರು. 1830ರ ಆಸುಪಾಸಿನಲ್ಲಿ ಅಲೆಕ್ಸೆಯೆವ್ಕಾ ಎಂಬ ಊರಿನಲ್ಲಿ ಸೂರ್ಯಕಾಂತಿ ಎಣ್ಣೆ ತೆಗೆಯುವ ಕಸುಬು ಬೆಳೆಯಿತು. ಮುಂದೆ 20ನೇ ಶತಮಾನದಲ್ಲಿ ಕ್ರಾಸ್ನೊದಾರ್‌ನಲ್ಲಿ ಪುಸ್ತೊವೊಯ್ತ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಬೀಜ ಆರಿಸಿ ಆರಿಸಿ, ಶೇಕಡಾ 30ರ ಆಸುಪಾಸು ಇದ್ದ ಎಣ್ಣೆಯಂಶವನ್ನು 50ರ ಹತ್ತಿರಕ್ಕೆ ತಂದರು.

ನಮ್ಮ ದೇಶದಲ್ಲಿ 1960ರ ದಶಕದಲ್ಲಿ ಅಡುಗೆ ಎಣ್ಣೆಗೆ ತತ್ವಾರ ಇತ್ತು. ಶೇಂಗಾ ಬೆಳೆ ಮಳೆಯನ್ನು ನಂಬಿ ನಿಂತಿತ್ತು. ಮಳೆ ತಪ್ಪಿದ ವರ್ಷ ಎಣ್ಣೆಯ ಬೆಲೆ ಏರುತ್ತಿತ್ತು. ಆಗ, 1969ರಲ್ಲಿ, ಸೋವಿಯತ್ ರಷ್ಯಾದಿಂದ ಪೆರೆಡೊವಿಕ್, ಅರ್ಮಾವಿರ್ಸ್ಕಿ ಮೊದಲಾದ ತಳಿಗಳನ್ನು ತರಿಸಿದರು. 1972ರ ಹೊತ್ತಿಗೆ ರೈತರ ಹೊಲಕ್ಕೆ ಬಂತು. ಕೆನಡಾದಿಂದ ಬಂದ ಮಾರ್ಡನ್ ಎಂಬ ಗಿಡ್ಡ ತಳಿ 75–80 ದಿನಕ್ಕೇ ಕೊಯ್ಲಿಗೆ ಬರುತ್ತಿತ್ತು. ಅಪ್ಪಂದಿರ ಬಾಯಲ್ಲಿ ಆ ಹೆಸರು ಇನ್ನೂ ಇದೆ.

ಆಮೇಲಿನ ದೊಡ್ಡ ಹೆಜ್ಜೆ ಇಟ್ಟದ್ದು ನಮ್ಮ ರಾಜ್ಯವೇ. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಿಡುಗಡೆ ಮಾಡಿತು. ಹಳೇ ತಳಿಗಳಲ್ಲಿ ಒಂದು ಗಿಡ ಮುಂದೆ, ಒಂದು ಗಿಡ ಹಿಂದೆ ಹೂ ಬಿಡುತ್ತಿತ್ತು. ಹೈಬ್ರಿಡ್ ಬಂದ ಮೇಲೆ ಹೊಲಕ್ಕೆ ಹೊಲವೇ ಹೆಚ್ಚುಕಡಿಮೆ ಒಟ್ಟಿಗೆ ಅರಳತೊಡಗಿತು. ಇವತ್ತು ಜನ ಕಾರು ನಿಲ್ಲಿಸಿ ಫೋಟೊ ತೆಗೆಯುವ ಆ ಒಂದೇ ಸಮನೆಯ ಹಳದಿ, ಹೈಬ್ರಿಡ್ ಕೊಟ್ಟದ್ದು.

ಹತ್ತು ದಿನದ ಹೂವು

ಸೂರ್ಯಕಾಂತಿ ಯಾವ ಕಾಲಕ್ಕೂ ಯಾಕೆ ಬರುತ್ತದೆ? ಕೆಲವು ಗಿಡಗಳು ಹಗಲು ಉದ್ದವಾಗಲಿ ಎಂದು ಕಾಯುತ್ತವೆ, ಕೆಲವು ಹಗಲು ಗಿಡ್ಡವಾಗಲಿ ಎಂದು ಕಾಯುತ್ತವೆ. ಆಮೇಲೆ ಹೂ ಬಿಡುತ್ತವೆ. ನಾವು ಬೆಳೆಯುವ ಸೂರ್ಯಕಾಂತಿ ತಳಿಗಳಿಗೆ ಆ ಹಟ ಇಲ್ಲ. ಬಿತ್ತಿ 35–40 ದಿನಕ್ಕೆ ಮೊಗ್ಗು, 55–65 ದಿನಕ್ಕೆ ಹೂವು, 90 ದಿನದ ಆಸುಪಾಸು ಕೊಯ್ಲು. ಬಿಸಿಲು ಜೋರಿದ್ದರೆ ನಾಲ್ಕು ದಿನ ಮುಂಚೆ, ಚಳಿ ಇದ್ದರೆ ನಾಲ್ಕು ದಿನ ತಡ.

ನಾವು ಒಂದು ಹೂವು ಅನ್ನುವ ತೆನೆಯಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ಹೂಗಳಿವೆ. ಅಂಚಿನಿಂದ ಶುರುವಾಗಿ ದಿನಕ್ಕೆ ಒಂದೆರಡು ಸುತ್ತಿನಂತೆ ನಡುವಿನ ಕಡೆಗೆ ಅರಳುತ್ತಾ ಹೋಗುತ್ತವೆ. ಒಂದು ತೆನೆ ಪೂರ್ತಿ ಅರಳಿ ಮುಗಿಯಲು ಎಂಟು–ಹತ್ತು ದಿನ. ಇಡೀ ಬೆಳೆಯ ಹಣೆಬರಹ ಈ ಹತ್ತು ದಿನದಲ್ಲಿ ಇದೆ. ಮಳೆ ಹಿಡಿದುಕೊಂಡರೆ ಪರಾಗ ತೊಯ್ದು ಹೋಗುತ್ತದೆ. ಬಿಸಿಲು 38 ಡಿಗ್ರಿ ದಾಟಿದರೆ ಕಾಳು ಕಟ್ಟುವುದಿಲ್ಲ. ಜೇನು ಬರದಿದ್ದರೆ ತೆನೆಯ ನಡುವೆ ಬರೀ ಜೊಳ್ಳು. ಅದಕ್ಕೇ ಹೂವಿನ ಕಾಲದಲ್ಲಿ ಔಷಧಿ ಹೊಡೆಯಬೇಡಿ, ಹೊಡೆಯಲೇಬೇಕಾದರೆ ಜೇನು ಗೂಡಿಗೆ ಹೋದ ಮೇಲೆ ಸಂಜೆ ಹೊಡೆಯಿರಿ ಎನ್ನುತ್ತಾರೆ. ಬೆಳಿಗ್ಗೆ ಹೊತ್ತು ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ತೆನೆಯನ್ನು ಹಗುರಾಗಿ ಸವರುವುದೂ ಜೇನಿನ ಕೆಲಸವನ್ನು ನಾವು ಮಾಡುವುದೇ.

ಸೂರ್ಯ ತಿರುಗಿದ ಕಡೆ ಹೂವು ತಿರುಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ತಿರುಗುವುದು ಎಳೆ ಗಿಡ. ಹೂವು ಅರಳಿದ ಮೇಲೆ ತೆನೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2016ರಲ್ಲಿ ಇದರ ಕಾರಣ ತೋರಿಸಿದರು. ಪೂರ್ವಕ್ಕೆ ನೋಡುವ ತೆನೆ ಬೆಳಿಗ್ಗೆ ಬೇಗ ಬೆಚ್ಚಗಾಗುತ್ತದೆ, ಅದಕ್ಕೆ ಹೆಚ್ಚು ಜೇನು ಬರುತ್ತದೆ. ಅದನ್ನು ಪಶ್ಚಿಮಕ್ಕೆ ತಿರುಗಿಸಿಟ್ಟರೆ ಬರುವ ಜೇನು ಎಷ್ಟೋ ಕಡಿಮೆ.

ಹಳದಿ ವರ್ಷಗಳು

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜಗಳ ತಾಂತ್ರಿಕ ಮಿಷನ್ ಶುರು ಮಾಡಿತು. ಹಾಲಿನ ಡೇರಿಯ ಮಾದರಿಯಲ್ಲೇ ಎಣ್ಣೆಬೀಜ ಬೆಳೆಗಾರರ ಸಹಕಾರ ಸಂಘಗಳು ಬಂದವು. ಬೀಜ, ಗೊಬ್ಬರ, ಖರೀದಿ ಮೂರೂ ಒಟ್ಟಿಗೆ ಸಿಕ್ಕವು. ಹೊರಗಿನ ಎಣ್ಣೆ ಆಗ ಸಲೀಸಾಗಿ ಒಳಗೆ ಬರುತ್ತಿರಲಿಲ್ಲ, ಹಾಗಾಗಿ ಬೆಲೆಯೂ ಇತ್ತು. 1993–94ರಲ್ಲಿ ದೇಶದಲ್ಲಿ ಸುಮಾರು 27 ಲಕ್ಷ ಹೆಕ್ಟೇರ್ ಸೂರ್ಯಕಾಂತಿ ಇತ್ತು. ಎಲ್ಲಕ್ಕಿಂತ ಮುಂದೆ ಇದ್ದದ್ದು ಕರ್ನಾಟಕ.

ಆ ವರ್ಷಗಳು ನಮಗೆ ನೆನಪಿವೆ. ಶಾಲೆ ಬಿಟ್ಟ ಮೇಲೆ ನಮ್ಮ ಕೆಲಸ ಗಿಣಿ ಕಾಯುವುದು. ಖಾಲಿ ಡಬ್ಬ ಬಡಿಯುತ್ತಾ ಬದುವಿನ ಮೇಲೆ ಓಡುತ್ತಿದ್ದೆವು. ತೆನೆಯ ಬೆನ್ನು ನಿಂಬೆ ಬಣ್ಣಕ್ಕೆ ತಿರುಗಿದರೆ ಕೊಯ್ಲು. ಕಣದಲ್ಲಿ ಒಣಗಿಸಿ ಕೋಲಿನಿಂದ ಬಡಿಯುತ್ತಿದ್ದರು. ಜೇಬಿನ ತುಂಬ ಬೀಜ ಇರುತ್ತಿತ್ತು. ಒಣ ದಂಟು ಒಲೆಗೆ ಹೋಗುತ್ತಿತ್ತು.

ಯಾವ ಕಾಲಕ್ಕಾದರೂ ಬರುತ್ತದೆ ಎನ್ನುವುದು ಆಗ ವರವಾಗಿತ್ತು. ಮುಂಗಾರು ಕೈಕೊಟ್ಟಿತೇ, ತಡವಾದ ಮಳೆಗೆ ಸೂರ್ಯಕಾಂತಿ ಹಾಕು. ಶೇಂಗಾ ಒಣಗಿತೇ, ಅದನ್ನು ಹರಗಿ ಸೂರ್ಯಕಾಂತಿ ಹಾಕು. ಸಾಲ ತೀರಿಸಬೇಕಾದವನಿಗೆ ತೊಂಬತ್ತು ದಿನದಲ್ಲಿ ದುಡ್ಡು.

ವರವೇ ತೊಡಕಾಯಿತು

ಯಾವಾಗ ಬೇಕಾದರೂ ಬರುವ ಬೆಳೆಯನ್ನು ನಾವು ಯಾವಾಗ ಬೇಕಾದರೂ ಬಿತ್ತಿದೆವು. ಸೂರ್ಯಕಾಂತಿಯ ಮೇಲೆ ಸೂರ್ಯಕಾಂತಿ ಬಂತು. ಅದು ನೆಲದ ಸಾರವನ್ನು ಚೆನ್ನಾಗಿ ಹೀರುವ ಬೆಳೆ. ಎಲೆಚುಕ್ಕೆ ರೋಗ ಬೆಳೆಯಿಂದ ಬೆಳೆಗೆ ದಾಟಿತು. ಉಕ್ರೇನ್, ರಷ್ಯಾಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿತ್ತಿ, ಜುಲೈಗೆ ಹೂವು ನೋಡಿ, ಸೆಪ್ಟೆಂಬರಿನಿಂದ ಕೊಯ್ಯುತ್ತಾರೆ. ಆಮೇಲೆ ಹಿಮ ಬೀಳುತ್ತದೆ, ಹೊಲ ಮಲಗುತ್ತದೆ. ನಮ್ಮಲ್ಲಿ ‘ಸಾಕು’ ಅನ್ನುವ ಚಳಿಗಾಲ ಇಲ್ಲ.

1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಹೊಸ ರೋಗ ಕಾಣಿಸಿತು. ಎಲೆ ಸುಟ್ಟಂತೆ, ಕುಡಿ ತಿರುಚಿಕೊಂಡು, ತೆನೆ ಕಟ್ಟದೆ ಗಿಡ ಒಣಗುತ್ತಿತ್ತು. ಅದಕ್ಕೆ ನೆಕ್ರೋಸಿಸ್ ರೋಗ ಎಂದು ಹೆಸರಿಟ್ಟರು. ಕಾರಣ ಒಂದು ವೈರಸ್. ಅದು ಇರುವುದು ಕಾಂಗ್ರೆಸ್ ಕಸದಲ್ಲಿ, ಅಂದರೆ ಪಾರ್ಥೇನಿಯಂನಲ್ಲಿ. ಆ ಗಿಡಕ್ಕೆ ಏನೂ ಆಗುವುದಿಲ್ಲ, ಹಸಿರಾಗಿಯೇ ಇರುತ್ತದೆ. ಅದರ ಪರಾಗ ಗಾಳಿಯಲ್ಲಿ ಬಂದು ಸೂರ್ಯಕಾಂತಿ ಎಲೆಯ ಮೇಲೆ ಬೀಳುತ್ತದೆ. ಅಲ್ಲಿ ಥ್ರಿಪ್ಸ್ ಎಂಬ ಸಣ್ಣ ಹುಳು ಎಲೆ ಕೆರೆಯುವಾಗ ವೈರಸ್ ಒಳಗೆ ಹೋಗುತ್ತದೆ. 2000ದಲ್ಲಿ ಇದೇ ವೈರಸ್ ಪಕ್ಕದ ಅನಂತಪುರ ಜಿಲ್ಲೆಯಲ್ಲಿ 2 ಲಕ್ಷ ಹೆಕ್ಟೇರಿಗೂ ಹೆಚ್ಚು ಶೇಂಗಾವನ್ನು ಹಾಳು ಮಾಡಿತು.

ಕಾಂಗ್ರೆಸ್ ಕಸದ ತವರೂ ಅಮೆರಿಕ ಖಂಡವೇ, ಜಾತಿಯಲ್ಲಿ ಅದು ಸೂರ್ಯಕಾಂತಿಯ ದಾಯಾದಿ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಮಳೆಗಾಲದಲ್ಲಿ ಸೊಕ್ಕಿ ಬೆಳೆದು ಹೂ ಬಿಡುತ್ತದೆ. ಹಾಗಾಗಿ ಮುಂಗಾರಿನ ಸೂರ್ಯಕಾಂತಿಗೆ ರೋಗದ ಕಾಟ ಹೆಚ್ಚು, ಹಿಂಗಾರಿನದಕ್ಕೆ ಕಡಿಮೆ. ಕಾಲ ಇಲ್ಲದ ಬೆಳೆಗೂ ತಪ್ಪು ಕಾಲ ಅನ್ನುವುದು ಒಂದಿದೆ ಎಂದು ನಮಗೆ ಗೊತ್ತಾದದ್ದು ಹೀಗೆ.

ಇದರ ನಡುವೆ ಪೇಟೆಯೂ ಬದಲಾಯಿತು. 1994ರಲ್ಲಿ ಪಾಮೋಲಿನ್, ಮರುವರ್ಷ ಉಳಿದ ಅಡುಗೆ ಎಣ್ಣೆಗಳ ಆಮದಿಗೆ ಬಾಗಿಲು ತೆರೆಯಿತು. ಸುಂಕ ವರ್ಷವರ್ಷ ಇಳಿಯಿತು. ಅಗ್ಗದ ಎಣ್ಣೆ ಪಾಕೆಟ್ಟಿನಲ್ಲಿ ಊರ ಕಿರಾಣಿ ಅಂಗಡಿಗೇ ಬಂತು. ರೈತರು ಮೆಕ್ಕೆಜೋಳ, ಹತ್ತಿ, ಕಡಲೆ ಕಡೆಗೆ ಹೊರಳಿದರು. 27 ಲಕ್ಷ ಹೆಕ್ಟೇರ್ ಇದ್ದದ್ದು 2020–21ರ ಹೊತ್ತಿಗೆ ಎರಡೂಕಾಲು ಲಕ್ಷದ ಆಸುಪಾಸಿಗೆ ಬಂದು ನಿಂತಿತು. ಈಗಲೂ ಅದರಲ್ಲಿ ದೊಡ್ಡ ಪಾಲು ಕರ್ನಾಟಕದ್ದೇ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ನಮ್ಮ ಒಗ್ಗರಣೆಗೂ ಬಿಸಿ ತಟ್ಟಿತು. ದೇಶ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಹತ್ತರಲ್ಲಿ ಸುಮಾರು ಏಳು ಪಾಲು ಉಕ್ರೇನಿನದು. ಯುದ್ಧ ಅಲ್ಲಿ ನಡೆದರೆ ಅಂಗಡಿಯಲ್ಲಿ ಲೀಟರಿನ ಬೆಲೆ ಇಲ್ಲಿ ಏರಿತು. ಒಂದು ಕಾಲಕ್ಕೆ ಸೂರ್ಯಕಾಂತಿ ಮಾರುತ್ತಿದ್ದ ಮನೆಗಳು ಅದೇ ಎಣ್ಣೆಯನ್ನು ಕೊಳ್ಳಲು ಲೆಕ್ಕ ಹಾಕಿದವು.

ಮತ್ತೆ ಬಿತ್ತಬೇಕೇ?

ಬಿತ್ತಿ ಎಂದು ಹೇಳುವ ಧೈರ್ಯ ನಮಗಿಲ್ಲ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 7,721 ರೂಪಾಯಿ. ಆದರೆ ಪೇಟೆಯಲ್ಲಿ ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿದ ವರ್ಷಗಳೂ ಇವೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಯ ಆಮದು ಸುಂಕವನ್ನು ಶೇಕಡಾ 20ಕ್ಕೆ ಏರಿಸಿದರು, 2025ರ ಮೇ ಕೊನೆಗೆ 10ಕ್ಕೆ ಇಳಿಸಿದರು. ಬಿತ್ತುವವನು ತೊಂಬತ್ತು ದಿನ ಕಾಯಬೇಕು. ಸುಂಕ ಬದಲಾಗಲು ಒಂದು ದಿನ ಸಾಕು.

ಆದರೆ ಬಿತ್ತುವವರಿಗೆ ಈ ಐವತ್ತು ವರ್ಷ ಕಲಿಸಿದ ಒಂದು ಪಾಠ ಉಂಟು. ಈಗ ಊರಲ್ಲಿ ಒಬ್ಬನೇ ಬಿತ್ತಿದರೆ ಊರ ಗಿಣಿಯೆಲ್ಲ ಅವನ ಹೊಲಕ್ಕೇ. ಪಕ್ಕದ ಬದುವಿನಲ್ಲಿ ಕಾಂಗ್ರೆಸ್ ಕಸ ಹೂ ಬಿಟ್ಟಿದ್ದರೆ ಅವನು ತನ್ನ ಬದು ಎಷ್ಟು ಚೊಕ್ಕಟ ಮಾಡಿದರೂ ಅಷ್ಟೇ. ಇಪ್ಪತ್ತು ಮನೆಯವರು ಒಂದೇ ಹದಕ್ಕೆ ಬಿತ್ತಿದರೆ ಗಿಣಿ ತಿಂದದ್ದು ಹಂಚಿಹೋಗುತ್ತದೆ. ಬದುಗಳ ಕಸವನ್ನು ಅದು ಹೂ ಬಿಡುವ ಮುಂಚೆ ಎಲ್ಲರೂ ಕೂಡಿ ಕಿತ್ತರೆ ರೋಗ ಇಳಿಯುತ್ತದೆ. ಬೀಜೋಪಚಾರ ಮಾಡಬೇಕು, ಒಂದೇ ಹೊಲಕ್ಕೆ ಮತ್ತೆ ಮತ್ತೆ ಅದನ್ನೇ ಹಾಕಬಾರದು.

ಇನ್ನೊಂದು ಉಪಾಯ ವಿಜ್ಞಾನಿಗಳೇ ಹೇಳಿದ್ದು: ಸೂರ್ಯಕಾಂತಿ ಹೊಲದ ಸುತ್ತ ನಾಲ್ಕೈದು ಸಾಲು ಜೋಳ ಹಾಕಿ, ಅದು ಗಾಳಿಯಲ್ಲಿ ಬರುವ ಪರಾಗವನ್ನೂ ಥ್ರಿಪ್ಸನ್ನೂ ತಡೆಯುತ್ತದೆ. ಇದನ್ನು ಕೇಳಿದಾಗ ನಮಗೆ ಹಳೆಯ ಹಿಂಗಾರಿ ಹೊಲ ನೆನಪಾಯಿತು. ಅಜ್ಜಂದಿರು ಜೋಳದ ಹೊಲದ ಅಂಚಿಗೆ ಕುಸುಬಿ ಹಾಕುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಆಗ ಎಣ್ಣೆಬೀಜ ಜೋಳವನ್ನು ಕಾಯುತ್ತಿತ್ತು. ಈಗ ಜೋಳ ಎಣ್ಣೆಬೀಜವನ್ನು ಕಾಯಬೇಕಾಗಿದೆ.

ಆದ್ದರಿಂದ ‘ಸೂರ್ಯಕಾಂತಿ ಅರಳೋದು ಯಾವ ತಿಂಗಳು’ ಎಂದು ಕೇಳಿದವರಿಗೆ ನಮ್ಮ ಉತ್ತರ ಇಷ್ಟು: ನೀವು ಬಿತ್ತಿದ ಎರಡು ತಿಂಗಳಿಗೆ. ಬೇರೆ ಬೆಳೆಗಳಿಗೆ ಕಾಲವನ್ನು ಮಳೆ ಗೊತ್ತು ಮಾಡಿತು. ಇದಕ್ಕೆ ಊರೇ ಕೂತು ಗೊತ್ತು ಮಾಡಬೇಕು. ನಿಮ್ಮ ನೆಲ ಎರೆಯೋ ಕೆಂಪೋ, ಹೂವಿನ ಆ ಹತ್ತು ದಿನ ಮಳೆಗೂ ಉರಿಬಿಸಿಲಿಗೂ ಸಿಗದಂತೆ ಯಾವ ಮಳೆಗೆ ಬಿತ್ತಬೇಕು ಎಂಬುದನ್ನು ಹೊಲ ಮಾಡಿದ ಹಿರಿಯರ ಹತ್ತಿರ ಕೇಳಿ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೂ ಕೇಳಿ. ಆಮೇಲೆ ಅಕ್ಕಪಕ್ಕದ ಹೊಲದವರನ್ನು ಕರೆದು ಮಾತಾಡಿ. ಬೀಜದ ಚೀಲ ತರುವುದು ಅದಾದ ಮೇಲೆ ಇರಲಿ.