ನೂಲನ್ನು ಸುತ್ತಿಡುವ ಕೈ

ಒಂದು ಸಣ್ಣ ಲೆಕ್ಕದಿಂದ ಆರಂಭಿಸುತ್ತೇನೆ. ನಮ್ಮ ಒಂದು ಜೀವಕೋಶದ 46 ವರ್ಣತಂತುಗಳಲ್ಲಿರುವ ಡಿ.ಎನ್.ಎ. ಎಳೆಗಳನ್ನು ತುದಿಗೆ ತುದಿ ಕೂಡಿಸಿದರೆ ಸುಮಾರು 2 ಮೀಟರು ಉದ್ದವಾಗುತ್ತದೆ. ಅದನ್ನು ಅಡಗಿಸಿಕೊಂಡಿರುವ ಕೋಶಕೇಂದ್ರದ ಅಗಲವಾದರೋ ಮಿಲಿಮೀಟರಿನ ಸುಮಾರು ನೂರರಲ್ಲೊಂದು ಪಾಲು. ಅಡಗಿದರಷ್ಟೇ ಸಾಲದು, ಕೋಶ ಎರಡಾಗುವಾಗ ಈ ನೂಲು ಸಿಕ್ಕಾಗದೆ, ಕಡಿದುಹೋಗದೆ, ಸಮನಾಗಿ ಪಾಲಾಗಬೇಕು. ಇದನ್ನು ಸುತ್ತಿಡುವ ಕೈ ಯಾವುದು?

1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣನು ಗಾಯದ ಪಟ್ಟಿಗಳಿಗೆ ಅಂಟಿದ ಕೀವಿನಿಂದ ‘ನ್ಯೂಕ್ಲಿಯಿನ್’ ಎಂಬ ವಸ್ತುವನ್ನು ಬೇರ್ಪಡಿಸಿದನು. ಇಂದಿನ ಡಿ.ಎನ್.ಎ. ಅದರಲ್ಲಿತ್ತು. 1884ರಲ್ಲಿ ಆಲ್ಬ್ರೆಕ್ಟ್ ಕಾಸೆಲ್, ಹೆಬ್ಬಾತಿನ ರಕ್ತಕಣಗಳಿಂದ ಅದರ ಸಂಗಾತಿಯಾದ ‘ಹಿಸ್ಟೋನ್’ ಪ್ರೋಟೀನನ್ನು ತೆಗೆದನು. ಇವೆರಡರ ಭಾಗ್ಯ ಮಾತ್ರ ಸಮನಾಗಿರಲಿಲ್ಲ. 1953ರಲ್ಲಿ ಡಿ.ಎನ್.ಎ.ಯ ಜೋಡಿಸುರುಳಿ ಬೆಳಕಿಗೆ ಬಂದ ಮೇಲೆ, ಪ್ರೋಟೀನು ಬರಿಯ ಹೊದಿಕೆಯೆಂದೇ ಹಲವರು ಬಗೆದರು.

1974ರಲ್ಲಿ ರೋಜರ್ ಕಾರ್ನ್‌ಬರ್ಗ್, ಎಂಟು ಹಿಸ್ಟೋನುಗಳ ಗುಂಪೊಂದು ಡಿ.ಎನ್.ಎ.ಗೆ ಉರುಳೆಯಂತೆ ಒದಗುವುದೆಂದು ಸೂಚಿಸಿದನು. ಅದೇ ವರ್ಷ ಓಲಿನ್ಸ್ ದಂಪತಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ, ದಾರಕ್ಕೆ ಪೋಣಿಸಿದ ಮಣಿಗಳಂತಿರುವ ಚಿತ್ರಗಳನ್ನು ಪ್ರಕಟಿಸಿದರು. ಆದರೆ ಮಣಿಸಾಲಿನಿಂದ ನೂಲು ಮೋಟಾಗುವುದು ಆರೇಳು ಪಟ್ಟು ಮಾತ್ರ. ಉಳಿದುದಕ್ಕೆ ಅದು ಸಾಲದು.

1977ರಲ್ಲಿ ಪಾಲ್ಸನ್ ಮತ್ತು ಲೆಮ್ಲಿ, ವರ್ಣತಂತುವಿನಿಂದ ಹಿಸ್ಟೋನುಗಳನ್ನು ತೆಗೆದುಹಾಕಿ ನೋಡಿದರು. ಆಕಾರ ಅಳಿಯಲಿಲ್ಲ. ನಡುವೆ ಪ್ರೋಟೀನಿನ ಹಂದರ, ಸುತ್ತಲೂ ಡಿ.ಎನ್.ಎ.ಯ ಉದ್ದುದ್ದ ಕುಣಿಕೆಗಳು! ಹಂದರವು ಪ್ರಯೋಗವಿಧಾನದಿಂದಲೇ ಹುಟ್ಟಿದ ಭ್ರಮೆಯೆಂದು ಸಂದೇಹಿಸಿದವರೂ ಇದ್ದರು. ವಾದಕ್ಕೆ ಹೊಸ ದಾರಿ ತೆರೆದುದು 1997ರಲ್ಲಿ. ಕಪ್ಪೆಯ ಮೊಟ್ಟೆಯ ಸಾರದಲ್ಲಿ ತತ್ಸುಯಾ ಹಿರಾನೊ ‘ಕಂಡೆನ್ಸಿನ್’ ಎಂಬ ಪ್ರೋಟೀನುಗಳ ಕೂಟವನ್ನು ಕಂಡನು. ಅದನ್ನು ಕಳೆದರೆ ವರ್ಣತಂತು ಗಟ್ಟಿಯಾಗಿ ರೂಪುಗೊಳ್ಳುತ್ತಿರಲಿಲ್ಲ. ಅದೇ ವರ್ಷ ಯೀಸ್ಟಿನಲ್ಲಿ, ಅವಳಿ ಎಳೆಗಳನ್ನು ಜೊತೆಯಾಗಿ ಹಿಡಿದಿಡುವ ‘ಕೊಹೀಸಿನ್’ ದೊರೆಯಿತು. ಇವು ನೂಲನ್ನು ಎಳೆದೆಳೆದು ಕುಣಿಕೆ ಮಾಡುತ್ತಿರಬಹುದೆಂದು 2001ರಲ್ಲಿ ಕಿಮ್ ನ್ಯಾಸ್ಮಿತ್ ಊಹಿಸಿದನು. 2018ರಲ್ಲಿ ಡೆಲ್ಫ್ಟ್ ಮತ್ತು ಹೈಡೆಲ್‌ಬರ್ಗಿನ ವಿಜ್ಞಾನಿಗಳು, ಒಂದೇ ಒಂದು ಕಂಡೆನ್ಸಿನ್ ಕಣ ಹಾಗೆ ಎಳೆಯುವುದನ್ನು ಕಣ್ಣಾರೆ ಕಂಡರು. ಅದರ ವೇಗ ಕ್ಷಣಕ್ಷಣಕ್ಕೆ, ಎಂದರೆ ಸೆಕೆಂಡಿಗೆ, ಸುಮಾರು 1500 ಅಕ್ಷರಜೋಡಿಗಳವರೆಗೂ ಏರುತ್ತಿತ್ತು.

ಇದು ಪಂಡಿತರ ಕುತೂಹಲ ಮಾತ್ರವಲ್ಲ. ಡಚ್ ವೈದ್ಯೆ ಕಾರ್ನೀಲಿಯಾ ಡಿ ಲಾಂಗೆ 1933ರಲ್ಲಿ ವರ್ಣಿಸಿದ ಒಂದು ಜನ್ಮವ್ಯಾಧಿಯಲ್ಲಿ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ; ಬುದ್ಧಿಯೂ ಕೈಗಳೂ ಸರಿಯಾಗಿ ಬಲಿಯದೆ ಹೋಗಬಹುದು. 2004ರಲ್ಲಿ ಅದರ ಒಂದು ಮೂಲ ತಿಳಿಯಿತು: ಅಂಥ ಅನೇಕ ಮಕ್ಕಳಲ್ಲಿ, ಕೊಹೀಸಿನ್ನನ್ನು ಡಿ.ಎನ್.ಎ.ಗೆ ತೊಡಿಸುವ ಪ್ರೋಟೀನಿನ ಜೀನಿನಲ್ಲಿಯೇ ದೋಷವಿದೆ. ದೇಹವನ್ನು ಕಟ್ಟುವ ಬೇರೆ ನೂರಾರು ಜೀನುಗಳ ಬರಹ ಅವರಲ್ಲಿ ನೆಟ್ಟಗೇ ಇದೆ. ಆದರೆ ಯಾವುದನ್ನು ಎಂದು, ಎಷ್ಟು ಓದಬೇಕೆಂಬ ಕ್ರಮ ತಪ್ಪಿರುತ್ತದೆ.

ಗ್ರಂಥದಲ್ಲಿ ಅಕ್ಷರವನ್ನೇ ಸರ್ವಸ್ವವೆಂದು ನಂಬಿದ ನಮಗೆ, ಹಾಳೆಗಳನ್ನು ಹೊಲಿದು ಜೋಡಿಸಿದವನ ನೆನಪು ತಡವಾಗಿ ಬರುತ್ತದೆ. ಜೀವವಿಜ್ಞಾನಕ್ಕೂ ಆ ನೆನಪು ಬರಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತೆಂದು ನಾನು ಭಾವಿಸುತ್ತೇನೆ.